ಮೇಲುಕೋಟೆ ಕಡೆ ಒಂದು ದಿನದ ಮಟ್ಟಿಗೆ ಹ್ಯಾಮ್ ರಿಪೀಟರ್ ಇಡಲು 50 ವ್ಯಾಟ್ ಬೇಕಾ?

ಮೇಲುಕೋಟೆ, ಜಕ್ಕನಹಳ್ಳಿ ಸುತ್ತ ಸೈಕಲ್ ಓಟ ಇದೆ, ಗುಡ್ಡ ಅಡ್ಡ ಬಂದು ಹ್ಯಾಂಡ್‌ಸೆಟ್ ಕೇಳಿಸುತ್ತಿಲ್ಲ, 50 ವ್ಯಾಟ್ ರಿಪೀಟರ್ (ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ ಮಾತನ್ನು ಕೂಡಲೇ ಇನ್ನೊಂದರಲ್ಲಿ ಕಳಿಸುವ ಸೆಟ್) ಬೆಟ್ಟಕ್ಕೆ ಹೊತ್ತರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಅಷ್ಟು ವ್ಯಾಟ್ ಬೇಡ. 10 ವ್ಯಾಟ್ ಧಾರಾಳ ಸಾಕು. ಎತ್ತರ ಮುಖ್ಯ.

ನಾನು ಮೈಸೂರಿನ ಹ್ಯಾಮ್ (ಹವ್ಯಾಸಿ ರೇಡಿಯೋ ಆಪರೇಟರ್). ಪಾಂಡವಪುರದ ಹತ್ತಿರ ಕುಂತಿಬೆಟ್ಟದ ಮೇಲೆ ನಾವು ಮೊದಲ ಸಲ ಇಟ್ಟಾಗ 25 ವ್ಯಾಟ್ ಹಾಕಿದ್ದೆವು. ನಮ್ಮ ಮಾತು ಎಲ್ಲರಿಗೂ ಚೆನ್ನಾಗಿ ಕೇಳುತ್ತಿತ್ತು. ದೂರದವರು ಮಾತಾಡಿದರೆ ಮಾತ್ರ ಅರ್ಧಕ್ಕೇ ಕಡಿದುಹೋಗುತ್ತಿತ್ತು. ಕೇಬಲ್ ಬದಲಾಯಿಸಿದೆವು, ಆಂಟೆನಾ ಬದಲಾಯಿಸಿದೆವು, ಏನೂ ಆಗಲಿಲ್ಲ. ಕೊನೆಗೆ ಪವರ್ 5 ವ್ಯಾಟಿಗೆ ಇಳಿಸಿದ ತಕ್ಷಣ ಅವರ ಮಾತು ಪೂರ್ತಿ ಬಂತು! ನಮ್ಮ ಟ್ರಾನ್ಸ್‌ಮಿಟರೇ ಪಕ್ಕದ ರಿಸೀವರನ್ನು ಕಿವುಡು ಮಾಡುತ್ತಿತ್ತು.

2 ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ರಿಪೀಟರ್ ಕೇಳುವ, ಕಳಿಸುವ ಫ್ರೀಕ್ವೆನ್ಸಿಗಳ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಷ್ಟೇ ಅಂತರ. ಅವನ್ನು ಬೇರ್ಪಡಿಸಲು ಕ್ಯಾವಿಟಿ ಡುಪ್ಲೆಕ್ಸರ್ ಎಂಬ ಫಿಲ್ಟರ್ ಬೇಕು. ಅದು ದಪ್ಪ ಕೊಳವೆಗಳ ಭಾರದ ಸಾಮಾನು, ಜೀಪಿನಲ್ಲಿ ಕುಲುಕಿದರೆ ಟ್ಯೂನಿಂಗ್ ತಪ್ಪಬಹುದು. ಅದಿಲ್ಲದೆ ಎರಡು ಆಂಟೆನಾ ಬಳಸುವುದಾದರೆ ಅಕ್ಕಪಕ್ಕ ನಿಲ್ಲಿಸಬೇಡಿ, ಒಂದರ ಮೇಲೊಂದು ಆದಷ್ಟು ದೂರ ಕಟ್ಟಿ.

ಒಂದು ದಿನದ ಕೆಲಸಕ್ಕೆ ನಾನಾದರೆ ಕ್ರಾಸ್‌ಬ್ಯಾಂಡ್ ಮಾಡುತ್ತೇನೆ, ಅಂದರೆ ಸೆಟ್ ಒಂದು ಬ್ಯಾಂಡಿನಲ್ಲಿ ಕೇಳಿ ಇನ್ನೊಂದರಲ್ಲಿ ಕಳಿಸುವುದು. ಈ ಸೌಲಭ್ಯ ಇರುವ ಒಂದೇ ಡ್ಯುಯಲ್ ಬ್ಯಾಂಡ್ ಮೊಬೈಲ್ ಸೆಟ್ ಸಾಕು. ಎಲ್ಲರೂ 145 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತಾಡಿ, 435ರ ಆಸುಪಾಸಿನಲ್ಲಿ ಕೇಳಿಸಿಕೊಳ್ಳುವುದು. ಡುಪ್ಲೆಕ್ಸರ್ ಹೊರುವ ಕಷ್ಟ ಇಲ್ಲ. ಆದರೆ ಎಲ್ಲರ ಕೈಯಲ್ಲೂ ಡ್ಯುಯಲ್ ಬ್ಯಾಂಡ್ ಸೆಟ್ ಇರಬೇಕು. ಇನ್ನೊಂದು, 145ರ ಮೂರು ಪಟ್ಟು ಸರಿಯಾಗಿ 435. ಆ ಜೋಡಿ ಇಟ್ಟರೆ ಹಾರ್ಮೋನಿಕ್ (ಕಳಿಸುವ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಹುಟ್ಟುವ ಬೇಡದ ಸಿಗ್ನಲ್) ಕಾಟ ಕೊಡುತ್ತದೆ, ಸ್ವಲ್ಪ ಸರಿಸಿಕೊಳ್ಳಿ. ಟೋನ್ (ನಮ್ಮವರ ಸಿಗ್ನಲ್ ಗುರುತಿಸಲು ಮಾತಿನ ಜೊತೆ ಕಳಿಸುವ ಸಣ್ಣ ದನಿ) ಹಾಕುವುದನ್ನೂ ಮರೆಯಬೇಡಿ, ಇಲ್ಲದಿದ್ದರೆ ಸುಮ್ನೆ ಗದ್ದಲಕ್ಕೂ ಸೆಟ್ ತೆರೆದುಕೊಂಡು ಬ್ಯಾಟರಿ ತಿನ್ನುತ್ತದೆ.

10 ವ್ಯಾಟ್ ಕಳಿಸುವಾಗ ಸೆಟ್ ಸುಮಾರು 4 ಆಂಪ್ ಎಳೆಯುತ್ತದೆ ಅಂದುಕೊಳ್ಳಿ. ಆರು ಗಂಟೆಯಲ್ಲಿ ಅರ್ಧ ಹೊತ್ತು ಮಾತು ನಡೆದರೂ 20 ಆಂಪ್-ಅವರ್ ಲಿಥಿಯಂ ಬ್ಯಾಟರಿ ಸಾಕು. ಸೆಟ್ ನೆರಳಲ್ಲಿಡಿ, ಬಂಡೆ ಮೇಲೆ ಬೇಗ ಬಿಸಿಯಾಗುತ್ತದೆ.

ಎಲ್ಲರಿಗೂ ಲೈಸೆನ್ಸ್ ಇರಲೇಬೇಕು. ರಿಪೀಟರ್‌ಗೆ ಅನುಮತಿಯ ವಿಷಯವನ್ನು ಕೇಂದ್ರ ಸರ್ಕಾರದ ವೈರ್‌ಲೆಸ್ ಲೈಸೆನ್ಸ್ ವಿಭಾಗವಾದ ಡಬ್ಲ್ಯೂಪಿಸಿಯಲ್ಲಿ ಮೊದಲೇ ಕೇಳಿಕೊಳ್ಳಿ. ಬೆಟ್ಟದ ಮೇಲೆ ದೇವಸ್ಥಾನ ಇದೆ ಅಲ್ವಾ, ಅಲ್ಲಿಯವರಿಗೂ ಒಂದು ಮಾತು ಹೇಳಿ.

ಹಿಂದಿನ ದಿನವೇ ಪರೀಕ್ಷೆ ಮಾಡಿ. ದೂರದಲ್ಲಿ ಒಬ್ಬರು ಕಡಿಮೆ ಪವರ್‌ನಲ್ಲಿ ಮಾತಾಡುತ್ತಿರಲಿ. ರಿಪೀಟರಿನ ಟ್ರಾನ್ಸ್‌ಮಿಟರ್ ಆಫ್ ಇದ್ದಾಗ ಅವರ ದನಿ ಸ್ವಚ್ಛವಾಗಿದ್ದು, ಆನ್ ಮಾಡಿದಾಗ ಕರಕರ ಜಾಸ್ತಿಯಾದರೆ ಪವರ್ ಇನ್ನೂ ಇಳಿಸಿ. ಓಟದ ದಿನ ಬೆಟ್ಟದ ಮೇಲೆ ಅನುಭವ ಇರುವ ಒಬ್ಬರನ್ನು ಕೂರಿಸಿ. ಸೆಟ್ ಕೈಕೊಟ್ಟರೂ ಅವರು ಹ್ಯಾಂಡ್‌ಸೆಟ್ ಹಿಡಿದು ಎರಡೂ ಕಡೆಯ ಮಾತನ್ನು ಬಾಯಲ್ಲೇ ದಾಟಿಸಬಹುದು.