ವಿಚಾರಣೆಯಿಲ್ಲದೆ ಹೇರುವ ನಿರ್ಬಂಧ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಮಾನವ ಹಕ್ಕುಗಳನ್ನು ತುಳಿದ, ಸರ್ಕಾರದ ಹಣ ನುಂಗಿದ ಆರೋಪ ಹೊತ್ತ ವಿದೇಶಿಯರ ಮೇಲೆ ಮ್ಯಾಗ್ನಿಟ್‌ಸ್ಕಿ ಕಾಯ್ದೆಯಡಿ ಅಮೆರಿಕ ಹೇರುವ ನಿರ್ಬಂಧಗಳನ್ನು ಕುರಿತ ನಮ್ಮ ಲೇಖನಕ್ಕೆ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ನ್ಯಾಯಾಲಯದ ಮುಂದೆ ನಿಲ್ಲಿಸದೆ ಒಬ್ಬನ ಆಸ್ತಿಗೆ ಕೈಹಾಕುವುದು ಸರಿಯಲ್ಲ ಎಂಬುದು ಒಂದು; ಬೇರೆ ದೇಶದವರನ್ನು ದಂಡಿಸುವ ಅಧಿಕಾರವನ್ನು ಅಮೆರಿಕಕ್ಕೆ ಕೊಟ್ಟವರಾರು ಎಂಬುದು ಇನ್ನೊಂದು. ಕೊನೆಗೆ, ಇಂಥ ಕಾಯ್ದೆ ಭಾರತಕ್ಕೂ ಬೇಕೆ ಎಂದು ಕೇಳಿದ್ದೀರಿ.

ಮೊದಲ ಆಕ್ಷೇಪವನ್ನು ತೂಗಿನೋಡಲು ಈ ಕಾಯ್ದೆ ಹುಟ್ಟಿದ ಸಂದರ್ಭಕ್ಕೇ ಹೋಗಬೇಕು. ಸೆರ್ಗೈ ಮ್ಯಾಗ್ನಿಟ್‌ಸ್ಕಿ ಮಾಸ್ಕೋದಲ್ಲಿ ತೆರಿಗೆ ಸಲಹೆಗಾರರಾಗಿದ್ದರು. ಅವರ ಕಕ್ಷಿದಾರ ಹೂಡಿಕೆ ಸಂಸ್ಥೆಗೆ ಸೇರಿದ್ದ ಕಂಪನಿಗಳ ಮೊಹರು ಮತ್ತು ಕಾಗದಪತ್ರಗಳನ್ನು 2007ರಲ್ಲಿ ಪೊಲೀಸರು ದಾಳಿ ನಡೆಸಿ ಒಯ್ದರು. ಆಮೇಲೆ ಆ ಕಂಪನಿಗಳು ಬೇರೆಯವರ ಹೆಸರಿಗೆ ವರ್ಗವಾಗಿ, ಅವುಗಳ ಹೆಸರಿನಲ್ಲಿ ಸುಮಾರು 23 ಕೋಟಿ ಡಾಲರ್ ತೆರಿಗೆ ಮರುಪಾವತಿ ಒಂದೇ ದಿನದಲ್ಲಿ ಮಂಜೂರಾಯಿತು. ಇದರಲ್ಲಿ ಅಧಿಕಾರಿಗಳ ಕೈವಾಡವಿದೆಯೆಂದು ಹೇಳಿಕೆ ಕೊಟ್ಟ ಮ್ಯಾಗ್ನಿಟ್‌ಸ್ಕಿಯವರನ್ನೇ 2008ರ ನವೆಂಬರ್‌ನಲ್ಲಿ ಬಂಧಿಸಲಾಯಿತು. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತಗಳಿಂದ ನರಳುತ್ತ, ಚಿಕಿತ್ಸೆ ಕೊಡಿಸಿರೆಂದು ಮೇಲಿಂದ ಮೇಲೆ ಅರ್ಜಿ ಬರೆಯುತ್ತ, ಹೆಚ್ಚುಕಡಿಮೆ ಒಂದು ವರ್ಷ ಜೈಲಿನಲ್ಲಿದ್ದ ಅವರು 2009ರ ನವೆಂಬರ್ 16ರಂದು ತೀರಿಕೊಂಡಾಗ ವಯಸ್ಸು 37. ಈ ಸಾವಿಗಾಗಿ ರಷ್ಯಾದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಬದಲಿಗೆ 2013ರಲ್ಲಿ, ಸತ್ತು ನಾಲ್ಕು ವರ್ಷವಾಗುತ್ತಿದ್ದ ಮನುಷ್ಯನ ಮೇಲೆಯೇ ಮೊಕದ್ದಮೆ ನಡೆಸಿ ತೆರಿಗೆ ವಂಚಕನೆಂದು ತೀರ್ಪು ಕೊಟ್ಟರು.

ನೀವು ಹೇಳುವ ನ್ಯಾಯಾಲಯ ಅಲ್ಲಿ ಇತ್ತು, ಮತ್ತು ಅದು ಮಾಡಿದ್ದು ಇದನ್ನು. 2012ರ ಡಿಸೆಂಬರ್‌ನಲ್ಲಿ ಅಮೆರಿಕ ಮ್ಯಾಗ್ನಿಟ್‌ಸ್ಕಿ ಹೆಸರಿನ ಕಾಯ್ದೆ ಮಾಡಿದ್ದು, 2016ರಲ್ಲಿ ಅದನ್ನು ಎಲ್ಲ ದೇಶಗಳವರಿಗೂ ಅನ್ವಯಿಸುವಂತೆ ವಿಸ್ತರಿಸಿದ್ದು, ತಮ್ಮ ನೆಲದಲ್ಲಿ ಯಾರೂ ಮುಟ್ಟಲಾಗದವರನ್ನು ಹೊರಗಿನಿಂದಲಾದರೂ ತಡೆಯಬೇಕೆಂಬ ವಾದದ ಮೇಲೆ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಿರ್ಬಂಧದ ಪಟ್ಟಿಗೆ ಸೇರಿದವರ ಆಸ್ತಿಯನ್ನು ಸರ್ಕಾರ ಜಪ್ತಿ ಮಾಡಿ ತನ್ನದಾಗಿಸಿಕೊಳ್ಳುವುದಿಲ್ಲ. ಒಡೆತನ ಅವರದೇ, ಆದರೆ ಮಾರುವಂತಿಲ್ಲ, ಬಳಸುವಂತಿಲ್ಲ. ವೀಸಾ ಸಿಗುವುದಿಲ್ಲ, ಅಮೆರಿಕದ ಬ್ಯಾಂಕುಗಳು ಅವರೊಂದಿಗೆ ವ್ಯವಹರಿಸುವಂತಿಲ್ಲ. ಡಾಲರ್ ವ್ಯವಹಾರವೆಲ್ಲ ಬಹುಮಟ್ಟಿಗೆ ಅಮೆರಿಕದ ಬ್ಯಾಂಕುಗಳ ಮೂಲಕವೇ ಸಾಗುವುದರಿಂದ ಬೇರೆ ದೇಶದ ಬ್ಯಾಂಕುಗಳೂ ಅಂಥವರನ್ನು ಕಂಡರೆ ದೂರ ಸರಿಯುತ್ತವೆ. ಇಂಥದೇ ಇನ್ನೊಂದು ಆದೇಶದಡಿ 2020ರಲ್ಲಿ ನಿರ್ಬಂಧಕ್ಕೊಳಗಾದ ಹಾಂಗ್‌ಕಾಂಗ್‌ನ ಆಗಿನ ಆಡಳಿತ ಮುಖ್ಯಸ್ಥೆ ಕ್ಯಾರಿ ಲ್ಯಾಮ್, ತಮಗೆ ಬ್ಯಾಂಕ್ ಖಾತೆಯೇ ಇಲ್ಲವೆಂದೂ, ಸಂಬಳ ನಗದಿನಲ್ಲಿ ಬರುವುದರಿಂದ ಮನೆಯಲ್ಲಿ ನೋಟಿನ ರಾಶಿ ಬಿದ್ದಿದೆಯೆಂದೂ ಟಿ.ವಿ. ಸಂದರ್ಶನದಲ್ಲಿ ಹೇಳಿಕೊಂಡಿದ್ದರು. ಜಗತ್ತಿನ ದೊಡ್ಡ ಹಣಕಾಸು ಕೇಂದ್ರಗಳಲ್ಲಿ ಒಂದನ್ನು ಆಳುತ್ತಿದ್ದವರ ಪಾಡು ಅದು! 1990ರ ದಶಕದಲ್ಲಿ ಇಡೀ ಇರಾಕಿನ ಮೇಲೆ ಹೇರಿದ ದಿಗ್ಬಂಧದಿಂದ ಔಷಧಿಗೂ ಆಹಾರಕ್ಕೂ ಪರದಾಡಿದವರು ಸಾಮಾನ್ಯ ಜನ. ಅದಕ್ಕೆ ಹೋಲಿಸಿದರೆ ಹೆಸರಿಟ್ಟು ಒಬ್ಬೊಬ್ಬರನ್ನೇ ತಡೆಯುವ ಈ ಕ್ರಮ ಎಷ್ಟೋ ಮೇಲು ಎಂಬುದು ನಮ್ಮ ಅಭಿಪ್ರಾಯ.

ನಿಮ್ಮ ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾಗಿದೆ. ತನ್ನ ಬಾಗಿಲನ್ನೂ ತನ್ನ ಬ್ಯಾಂಕನ್ನೂ ಯಾರಿಗೆ ತೆರೆಯಬೇಕೆಂದು ನಿರ್ಧರಿಸುವ ಹಕ್ಕು ಯಾವ ದೇಶಕ್ಕಾದರೂ ಇದ್ದೇ ಇದೆ. ತೊಡಕಿರುವುದು ಪಟ್ಟಿ ಬರೆಯುವ ಕೈಯಲ್ಲಿ. ಪತ್ರಕರ್ತ ಜಮಾಲ್ ಖಶೋಗಿ ಅವರ ಹತ್ಯೆಗಾಗಿ 2018ರಲ್ಲಿ 17 ಮಂದಿ ಸೌದಿಗಳ ಮೇಲೆ ಅಮೆರಿಕ ನಿರ್ಬಂಧ ಹೇರಿತು. ಆ ಕಾರ್ಯಾಚರಣೆಗೆ ಯುವರಾಜರೇ ಸಮ್ಮತಿ ಕೊಟ್ಟಿದ್ದರೆಂದು ಅಮೆರಿಕದ ಗುಪ್ತಚರ ವರದಿಯೇ 2021ರಲ್ಲಿ ಹೇಳಿದರೂ ಅವರ ಹೆಸರು ಪಟ್ಟಿಗೆ ಏರಲಿಲ್ಲ. ಟರ್ಕಿಯ ಇಬ್ಬರು ಸಚಿವರನ್ನು, ಅಲ್ಲಿ ಬಂಧನದಲ್ಲಿದ್ದ ಅಮೆರಿಕನ್ ಪಾದ್ರಿಯ ಬಿಡುಗಡೆಗೆ ಒತ್ತಡ ತರಲು 2018ರ ಆಗಸ್ಟ್‌ನಲ್ಲಿ ಪಟ್ಟಿಗೆ ಸೇರಿಸಿ, ಪಾದ್ರಿ ಹೊರಬಂದ ಬಳಿಕ ನವೆಂಬರ್‌ನಲ್ಲಿ ಕೈಬಿಟ್ಟರು. 2025ರ ಜುಲೈನಲ್ಲಂತೂ ಬ್ರೆಜಿಲ್‌ನ ಮಾಜಿ ಅಧ್ಯಕ್ಷ ಬೊಲ್ಸೊನಾರೊ ವಿರುದ್ಧದ ಮೊಕದ್ದಮೆಯ ಹೊಣೆ ಹೊತ್ತಿದ್ದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಅಲೆಶಾಂಡ್ರೆ ಡಿ ಮೊರಾಯಸ್ ಅವರ ಮೇಲೆಯೇ ಇದೇ ಕಾಯ್ದೆಯನ್ನು ಪ್ರಯೋಗಿಸಿ, ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡರು. ನ್ಯಾಯ ಸಿಗದವರಿಗಾಗಿ ಮಾಡಿದ ಕಾಯ್ದೆಯನ್ನು ನ್ಯಾಯಾಧೀಶರ ವಿರುದ್ಧವೇ ಬಳಸಿದ್ದನ್ನು ಸಮರ್ಥಿಸುವುದು ನಮ್ಮಿಂದಾಗದು.

ಇನ್ನು ಭಾರತದ ಮಾತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ವಿಧಿಸಿದ ನಿರ್ಬಂಧಗಳನ್ನು ಮಾತ್ರ ಮಾನ್ಯ ಮಾಡುವುದು ನಮ್ಮ ಸರ್ಕಾರದ ನಿಲುವು. ಅದಕ್ಕಾಗಿ 1947ರ ಕಾಯ್ದೆಯೊಂದು ಇದೆ. ಸಾಲ ತೀರಿಸದೆ ಓಡಿಹೋದವರಿಗೆ 2018ರ ದೇಶಭ್ರಷ್ಟ ಆರ್ಥಿಕ ಅಪರಾಧಿಗಳ ಕಾಯ್ದೆಯಿದೆ. ಬೆಂಗಳೂರಿನ ವಿಜಯ್ ಮಲ್ಯ ಅದರಡಿ ಹಾಗೆ ಘೋಷಿತರಾದವರಲ್ಲಿ ಮೊದಲಿಗರು. ಆದರೆ ಅದು ಇಲ್ಲಿ ಅಪರಾಧ ಮಾಡಿ ಹೊರಗೆ ಹೋದವರಿಗೆ. ಹೊರಗೆ ಮಾಡಿ ಇಲ್ಲಿಗೆ ಬರುವವರಿಗಲ್ಲ. ಉತ್ತರಪ್ರದೇಶದ ಸಹಾರನ್‌ಪುರದಿಂದ ದಕ್ಷಿಣ ಆಫ್ರಿಕಕ್ಕೆ ಹೋದ ಗುಪ್ತಾ ಸಹೋದರರ ಮೇಲೆ, ಅಲ್ಲಿನ ಆಗಿನ ಅಧ್ಯಕ್ಷ ಜುಮಾ ಅವರ ಸಖ್ಯ ಬಳಸಿ ಸರ್ಕಾರವನ್ನೇ ಕೈವಶ ಮಾಡಿಕೊಂಡ ಆರೋಪವಿದೆ. ಅವರು ಅದನ್ನು ಅಲ್ಲಗಳೆದಿದ್ದಾರೆ. 2019ರ ಜೂನ್‌ನಲ್ಲಿ ಆ ಮನೆತನದ ಅದ್ದೂರಿ ಮದುವೆಗಳು ಉತ್ತರಾಖಂಡದ ಔಲಿಯಲ್ಲಿ ನಡೆದಾಗ ಅಲ್ಲಿನ ಹೈಕೋರ್ಟಿನ ಮುಂದೆ ಬಂದ ಪ್ರಶ್ನೆ ಬೆಟ್ಟದ ಮೇಲಿನ ಕಸದ್ದು, ಹಣದ್ದಲ್ಲ. ಅದೇ ಅಕ್ಟೋಬರ್‌ನಲ್ಲಿ ಅಮೆರಿಕವೂ 2021ರಲ್ಲಿ ಬ್ರಿಟನ್ನೂ ಅವರನ್ನು ಪಟ್ಟಿಗೆ ಸೇರಿಸಿದವು. ಅವರಲ್ಲಿ ಇಬ್ಬರನ್ನು ಒಪ್ಪಿಸಿರೆಂಬ ದಕ್ಷಿಣ ಆಫ್ರಿಕದ ಕೋರಿಕೆಯನ್ನು ದುಬೈನ ನ್ಯಾಯಾಲಯ 2023ರಲ್ಲಿ ತಳ್ಳಿಹಾಕಿತು.

ಆದ್ದರಿಂದ ಇಂಥ ಕಾಯ್ದೆ ಭಾರತಕ್ಕೆ ಬೇಕೆಂಬುದೇ ನಮ್ಮ ಉತ್ತರ. ಆದರೆ ಪಟ್ಟಿ ಮಾಡುವ ಅಧಿಕಾರವನ್ನು ಮಂತ್ರಾಲಯವೊಂದರ ಕೈಗಿತ್ತು ಸುಮ್ಮನಾಗುವಂತಿಲ್ಲ. ಹೆಸರು ಸೇರಿಸಲು ಕಾರಣವನ್ನು ಲಿಖಿತವಾಗಿ ಪ್ರಕಟಿಸಬೇಕು, ಹೆಸರು ತೆಗೆದಾಗಲೂ ಕಾರಣ ಕೊಡಬೇಕು, ಪಟ್ಟಿಗೆ ಸೇರಿದವರಿಗೆ ಹೈಕೋರ್ಟಿನ ಮೆಟ್ಟಿಲೇರುವ ಅವಕಾಶವಿರಬೇಕು. ಕರಡು ಮಸೂದೆ ಎಂದಾದರೂ ಸಂಸತ್ತಿಗೆ ಬಂದರೆ ನಾವು ಮೊದಲು ಹುಡುಕುವುದು ಆ ಮೂರು ಕಲಮುಗಳನ್ನು.

— ಸಂ.