ಪಂಪ್‌ವೆಲ್: ಮುಗಿದದ್ದು ಸೇತುವೆ ಮಾತ್ರ

ಪ್ರಶ್ನೆ: ಮಂಗಳೂರಿನ ಪಂಪ್‌ವೆಲ್ ಜಂಕ್ಷನ್‌ನ ಫ್ಲೈಓವರ್ ಉದ್ಘಾಟನೆಯಾದಾಗ ‘ಪಂಪ್‌ವೆಲ್ ಕಾಮಗಾರಿ ಪೂರ್ಣ’ ಎಂದು ನಿಮ್ಮ ಪತ್ರಿಕೆ ಬರೆದಿತ್ತು. ಪಡೀಲಿನತ್ತ ತಿರುಗಬೇಕಾದ ನಾನು ಇಂದಿಗೂ ಸೇತುವೆಯಡಿಯಲ್ಲಿ ಕಾಯುತ್ತೇನೆ. ಪೂರ್ಣವಾದದ್ದು ಯಾವುದು?
– ಓದುಗರೊಬ್ಬರು, ತೊಕ್ಕೊಟ್ಟು

ಸಂಪಾದಕರ ಉತ್ತರ: ಮಾನ್ಯರೇ, ನಿಮ್ಮ ಆಕ್ಷೇಪ ನ್ಯಾಯವಾದದ್ದು. ತಲಪಾಡಿಯಿಂದ ಕುಂದಾಪುರದವರೆಗಿನ ಚತುಷ್ಪಥ ಯೋಜನೆಯ ಅಂಗವಾಗಿ 2010ರಲ್ಲಿ ಆರಂಭವಾದ ಈ ಕಾಮಗಾರಿ ಗಡುವಿನ ಮೇಲೆ ಗಡುವು ದಾಟಿ, ಗುತ್ತಿಗೆದಾರರ ಹಣಕಾಸಿನ ಮುಗ್ಗಟ್ಟಿನಿಂದ ತಿಂಗಳುಗಟ್ಟಲೆ ನಿಂತು, ಪಂಪ್‌ವೆಲ್‌ನ ಮಹಾವೀರ ವೃತ್ತದಲ್ಲಿದ್ದ ಕಲಶವನ್ನು ಸ್ಥಳಾಂತರಿಸಿದ ಮೇಲೂ ಕುಂಟುತ್ತಲೇ ಸಾಗಿ, 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೂ ಮೊದಲೇ ತಲಪಾಡಿಯಲ್ಲಿ ಟೋಲ್ ವಸೂಲಿ ಆರಂಭವಾಗಿತ್ತು ಎಂಬುದನ್ನು ನಿಮ್ಮ ಊರಿನವರಿಗೆ ನೆನಪಿಸಬೇಕಾಗಿಲ್ಲ. ಇಷ್ಟು ಕಾದವರಿಗೆ ಸೇತುವೆ ತೆರೆದದ್ದೇ ದೊಡ್ಡ ಬಿಡುಗಡೆಯಾಗಿ ಕಂಡಿತು. ನಮಗೂ ಹಾಗೆಯೇ ಕಂಡಿತು.

ಆದರೆ ಪಂಪ್‌ವೆಲ್ ಬರಿಯ ಹಾದುಹೋಗುವ ಜಾಗವಲ್ಲ. ಹಿಂದೆ 17ನೆಯದಾಗಿದ್ದ, ಈಗಿನ 66ನೇ ರಾಷ್ಟ್ರೀಯ ಹೆದ್ದಾರಿಯನ್ನು ಬಿ.ಸಿ. ರೋಡ್ ಕಡೆಯಿಂದ ಪಡೀಲಿನ ಮೂಲಕ ಬರುವ, ಹಿಂದೆ 48ನೆಯದಾಗಿದ್ದ ಹೆದ್ದಾರಿ ಇಲ್ಲಿಯೇ ಸಂಧಿಸುತ್ತದೆ. ಕಂಕನಾಡಿಯ ಮೂಲಕ ನಗರವನ್ನು ಸೇರುವ ದಾರಿಯೂ ಇದೇ. ಮೇಲ್ಸೇತುವೆ ನೆರವಾಗುವುದು ತೊಕ್ಕೊಟ್ಟು ಮತ್ತು ನಂತೂರಿನ ನಡುವೆ ನೇರವಾಗಿ ಸಾಗುವವರಿಗೆ ಮಾತ್ರ. ನಿಮ್ಮಂತೆ ಬಲಕ್ಕೆ ಹೊರಳಿ ಪಡೀಲಿಗೆ ಹೋಗುವವರು, ಕಂಕನಾಡಿಯಿಂದ ಬಂದು ಬಲಕ್ಕೆ ತಿರುಗಿ ತೊಕ್ಕೊಟ್ಟಿಗೆ ಸಾಗುವವರು, ನಗರದಿಂದ ನೇರವಾಗಿ ಬಿ.ಸಿ. ರೋಡಿಗೆ ಹೊರಟವರು, ಎಲ್ಲರೂ ಸರ್ವಿಸ್ ರಸ್ತೆಗಳ ಮೂಲಕ ಕಂಬಗಳ ನಡುವಿನ ಅದೇ ನೆಲದಲ್ಲಿ ಒಬ್ಬರ ದಾರಿಗೆ ಒಬ್ಬರು ಅಡ್ಡ ಬರುತ್ತಾರೆ. ಬಲಕ್ಕೆ ತಿರುಗುವವರಿಗೆ ಪ್ರತ್ಯೇಕ ಇಳಿಜಾರು ದಾರಿಗಳಿದ್ದರೆ ಮಾತ್ರ ಅದನ್ನು ಪೂರ್ಣ ಹೆದ್ದಾರಿ ಸಂಗಮವೆನ್ನಬಹುದು. ಪಂಪ್‌ವೆಲ್‌ನಲ್ಲಿ ಅಂಥದ್ದೊಂದೂ ಇಲ್ಲ. ಬಸ್ಸುಗಳು ನಿಲ್ಲುವುದೂ ಅಲ್ಲಿಯೇ, ಪ್ರಯಾಣಿಕರು ರಸ್ತೆ ದಾಟುವುದೂ ಅಲ್ಲಿಯೇ, ಜೋರು ಮಳೆ ಬಂದರೆ ನೀರು ತುಂಬುವುದೂ ಅಲ್ಲಿಯೇ.

ಬಂದರಿನಿಂದ ಬೆಂಗಳೂರಿನತ್ತ ಸಾಗುವ ಲಾರಿಗಳು ನಂತೂರು–ಪಡೀಲ್ ಬೈಪಾಸ್ ಹಿಡಿಯುವುದರಿಂದ ಭಾರ ಒಂದಿಷ್ಟು ತಗ್ಗಿದೆ ಎಂಬುದು ನಿಜ. ಆದರೆ ತಲಪಾಡಿ, ಉಳ್ಳಾಲ, ದೇರಳಕಟ್ಟೆಗಳಿಂದ ಬರುವ ನಿಮ್ಮಂಥವರಿಗೆ ಆ ಬೈಪಾಸ್ ಸುತ್ತುದಾರಿಯೇ ಆಗುತ್ತದೆ.

ಆದ್ದರಿಂದ ನಮ್ಮ ಶೀರ್ಷಿಕೆ ತಪ್ಪಾಗಿತ್ತು. ‘ಪಂಪ್‌ವೆಲ್ ಮೇಲ್ಸೇತುವೆ ಪೂರ್ಣ’ ಎಂದಷ್ಟೇ ಬರೆಯಬೇಕಿತ್ತು. ಅದನ್ನು ಹೀಗೆ ತಿದ್ದಿಕೊಳ್ಳುತ್ತಿದ್ದೇವೆ.