ಸಾವೊ ಪಾಲೊದಲ್ಲಿ ಮೂರು ದಿನ

ಪ್ರಶ್ನೆ: ಜುಲೈನಲ್ಲಿ ನಾನೂ ನನ್ನ ಪತ್ನಿಯೂ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಮೂರು ದಿನ ತಂಗಲಿದ್ದೇವೆ. ಸಸ್ಯಾಹಾರಿಗಳಾದ ನಾವು ಏನು ನೋಡಬೇಕು, ಯಾವ ಎಚ್ಚರಿಕೆ ವಹಿಸಬೇಕು?

ಉತ್ತರ: ಒಂದು ಕೋಟಿಗೂ ಹೆಚ್ಚು ಜನರಿರುವ ಆ ನಗರವನ್ನು ಮೂರು ದಿನಗಳಲ್ಲಿ ಸುತ್ತಿ ಮುಗಿಸುವ ಆಸೆಯನ್ನು ಮೊದಲೇ ಬಿಟ್ಟುಬಿಡಿ. ಸಾಧ್ಯವಾದರೆ ಭಾನುವಾರ ಅಲ್ಲಿರಿ. ಅಂದು ಹಗಲಿನಲ್ಲಿ ಪಾಲಿಸ್ತಾ ಅವೆನ್ಯೂವಿನಲ್ಲಿ ವಾಹನ ಸಂಚಾರ ನಿಲ್ಲಿಸಿ, ರಸ್ತೆಯನ್ನು ನಡೆಯುವವರಿಗೂ ವಾದ್ಯಗಾರರಿಗೂ ಬಿಟ್ಟುಕೊಡುತ್ತಾರೆ. ಅದೇ ರಸ್ತೆಯಲ್ಲಿ, ಕೆಂಪು ಚೌಕಟ್ಟಿನಿಂದ ತೂಗುಬಿಟ್ಟಂತೆ ಕಾಣುವ ಕಲಾ ಸಂಗ್ರಹಾಲಯವಿದೆ. 1968ರಲ್ಲಿ ಉದ್ಘಾಟನೆಯಾದ ಈ ಕಟ್ಟಡವನ್ನು ವಿನ್ಯಾಸಗೊಳಿಸಿದ ಲೀನಾ ಬೊ ಬಾರ್ಡಿ ಅವರು, ಚಿತ್ರಗಳನ್ನು ಗೋಡೆಗೆ ತೂಗುಹಾಕದೆ, ಕಾಂಕ್ರೀಟ್ ದಿಮ್ಮಿಯಲ್ಲಿ ನೆಟ್ಟ ಗಾಜಿನ ಹಲಗೆಗಳ ಮೇಲೆ ನಿಲ್ಲಿಸಿದರು. ವಿವರಗಳನ್ನು ಓದಲು ಹಿಂಬದಿಗೆ ಹೋಗಬೇಕಾದ್ದರಿಂದ, ಕಲಾವಿದನ ಹೆಸರಿಗಿಂತ ಮೊದಲು ಚಿತ್ರವೇ ಕಣ್ಣಿಗೆ ಬೀಳುತ್ತದೆ. ಈ ಉಪಾಯ ನನಗಂತೂ ಬಹಳ ಹಿಡಿಸಿತು.

ಊಟಕ್ಕೆ ಬೇಕಾದುದನ್ನು ನಾವೇ ಬಡಿಸಿಕೊಂಡು, ತಟ್ಟೆಯನ್ನು ತೂಗಿಸಿ ಹಣ ಕೊಡುವ ಹೋಟೆಲುಗಳು ನಿಮಗೆ ಅನುಕೂಲ. ಆದರೆ ಅಲ್ಲಿನ ಹುರುಳಿಕಾಯಿ ಬೀಜದ ಸಾರಿಗೆ ಮಾಂಸ ಹಾಕಿರುವುದುಂಟು, ಕೇಳಿಯೇ ಬಡಿಸಿಕೊಳ್ಳಿ. ಜುಲೈ ಅಲ್ಲಿ ಚಳಿಗಾಲವಾದ್ದರಿಂದ ಸ್ವೆಟರ್ ಇರಲಿ. ರಸ್ತೆಯಲ್ಲಿ ಮೊಬೈಲ್ ಹಿಡಿದು ನಿಲ್ಲಬೇಡಿ, ಕಸಿದುಕೊಂಡು ಓಡುವವರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲಾದರೂ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರವಿಲ್ಲದೆ ಬ್ರೆಜಿಲ್‌ನಿಂದ ಮರಳುವವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಸಕ್ಕೆ ಕಳುಹಿಸಬಹುದು.